ತಾನು ಒಪ್ಪದವರಿಗೂ ಜಾಗ ಕೊಟ್ಟ ಪಾದ್ರಿ: ರೋಜರ್ ವಿಲಿಯಮ್ಸ್

[ತೆರೆಯ ಮೇಲೆ: ಕತ್ತಲಾಗುತ್ತಿರುವ ಕೊಲ್ಲಿ. ಹುಟ್ಟು ಹಾಕುವ ಸದ್ದು ಮಾತ್ರ.]

1672, ಆಗಸ್ಟ್ ತಿಂಗಳು. ಅಮೆರಿಕದ ನರಗ್ಯಾನ್ಸೆಟ್ ಕೊಲ್ಲಿ. ಎಪ್ಪತ್ತರ ಹತ್ತಿರ ಬಂದ ಮುದುಕರೊಬ್ಬರು ದೋಣಿಯಲ್ಲಿ ಹುಟ್ಟು ಹಾಕುತ್ತಿದ್ದಾರೆ. ಪ್ರಾವಿಡೆನ್ಸ್ ಊರಿನಿಂದ ಹೊರಟು ಇಡೀ ದಿನ ಆಗಿದೆ. ನ್ಯೂಪೋರ್ಟ್ ಮುಟ್ಟುವ ಹೊತ್ತಿಗೆ ನಡುರಾತ್ರಿ ಹತ್ತಿರ. ಈ ಮುದಿ ಮೂಳೆಗಳನ್ನು ದೇವರೇ ದಡ ಸೇರಿಸಿದ ಅಂತ ಆಮೇಲೆ ಅವರೇ ಬರೆದುಕೊಂಡರು.

ಇಷ್ಟು ಕಷ್ಟಪಟ್ಟು ಬಂದದ್ದು ಯಾಕೆ ಗೊತ್ತಾ? ವಾದ ಮಾಡಲು. ಕ್ವೇಕರ್ ಅನ್ನುವ ಕ್ರೈಸ್ತ ಪಂಥದವರು ಹೇಳುವುದು ತಪ್ಪು ಅಂತ ಅವರ ಊರಿನಲ್ಲೇ, ಅವರ ಮುಖಕ್ಕೇ ಹೇಳಲು.

ನಮಸ್ಕಾರ. ಈ ಮುದುಕರ ಹೆಸರು ರೋಜರ್ ವಿಲಿಯಮ್ಸ್. ಪ್ರಾವಿಡೆನ್ಸ್, ನ್ಯೂಪೋರ್ಟ್ ಸೇರಿದ, ಇವರು ಸ್ಥಾಪಿಸಿದ ರೋಡ್ ಐಲ್ಯಾಂಡ್ ಅನ್ನುವ ನಾಡಿನಲ್ಲಿ ಕ್ವೇಕರರನ್ನು ಯಾರೂ ಮುಟ್ಟುವ ಹಾಗಿರಲಿಲ್ಲ. ಪಕ್ಕದ ಬಾಸ್ಟನ್‌ನಲ್ಲಿ ಅದೇ ಕ್ವೇಕರರನ್ನು ನೇಣಿಗೆ ಹಾಕಿದ್ದರು. ಇವತ್ತಿನ ವಿಡಿಯೋ ಈ ಎರಡು ಕಡೆಗಳ ನಡುವಿನ ವ್ಯತ್ಯಾಸದ ಬಗ್ಗೆ.

[ತೆರೆಯ ಮೇಲೆ: ಅಮೆರಿಕದ ಈಶಾನ್ಯ ಕರಾವಳಿಯ ನಕ್ಷೆ. ಬಾಸ್ಟನ್, ಸೇಲಂ, ಪ್ರಾವಿಡೆನ್ಸ್, ನ್ಯೂಪೋರ್ಟ್ ಗುರುತು.]

ಸ್ವಲ್ಪ ಹಿಂದೆ ಹೋಗೋಣ. 1631ರಲ್ಲಿ ಇಂಗ್ಲೆಂಡಿನಿಂದ ರೋಜರ್ ಬಾಸ್ಟನ್‌ಗೆ ಬಂದರು. ಯುವ ಪಾದ್ರಿ, ಒಳ್ಳೆಯ ಮಾತುಗಾರ. ಬಾಸ್ಟನ್ ಆಗ ಪ್ಯೂರಿಟನ್ನರ ಊರು. ಇಂಗ್ಲೆಂಡಿನ ಚರ್ಚಿನ ಕಾಟ ತಡೆಯಲಾರದೆ ಸಮುದ್ರ ದಾಟಿ ಬಂದ ಕ್ರೈಸ್ತರು ಅವರು. ಬಂದ ಮೇಲೆ ತಮ್ಮ ದಾರಿ ಬಿಟ್ಟು ಬೇರೆ ದಾರಿ ಹಿಡಿದವರಿಗೆ ತಾವೇ ಕಾಟ ಕೊಡಲು ಶುರು ಮಾಡಿದರು. ಪೆಟ್ಟು ತಿಂದವರಿಗೇ ಪೆಟ್ಟಿನ ನೋವು ಇಷ್ಟು ಬೇಗ ಮರೆತುಹೋಯಿತಲ್ಲ ಅಂತ ಓದುವಾಗೆಲ್ಲ ನನಗೆ ಸಂಕಟವಾಗುತ್ತದೆ.

ರೋಜರ್ ಎರಡು ಮಾತು ಹೇಳಿದರು. ಒಂದು, ಈ ನೆಲ ಇಲ್ಲಿನ ಮೂಲನಿವಾಸಿಗಳದ್ದು, ಇಂಗ್ಲೆಂಡಿನ ರಾಜ ಅದನ್ನು ಯಾರಿಗೂ ಬರೆದುಕೊಡುವ ಹಾಗಿಲ್ಲ. ಇನ್ನೊಂದು, ಕಳ್ಳತನ, ಕೊಲೆ ಮಾಡಿದವರನ್ನು ಸರ್ಕಾರ ಶಿಕ್ಷಿಸಲಿ, ಆದರೆ ದೇವರನ್ನು ಹೇಗೆ ಪೂಜಿಸುತ್ತೀಯ ಅಂತ ಕೇಳುವ ಹಕ್ಕು ಅದಕ್ಕಿಲ್ಲ. 1635ರ ಅಕ್ಟೋಬರ್‌ನಲ್ಲಿ ನ್ಯಾಯಸಭೆ ಅವರನ್ನು ಗಡಿಪಾರು ಮಾಡಿತು. 1636ರ ಜನವರಿಯಲ್ಲಿ ಅವರನ್ನು ಹಿಡಿದು ಹಡಗು ಹತ್ತಿಸಲು ಜನ ಬಂದಾಗ ಮನೆ ಖಾಲಿ. ಮೂರು ದಿನ ಮೊದಲೇ ಅವರು ಹಿಮದಲ್ಲಿ ನಡೆದುಕೊಂಡು ಹೊರಟಿದ್ದರು.

ಹದಿನಾಲ್ಕು ವಾರ ಊಟ, ಹಾಸಿಗೆ ಅಂದರೆ ಏನು ಅಂತಲೇ ಮರೆತುಹೋಗಿತ್ತು ಅಂತ ಅವರು ಬರೆದಿದ್ದಾರೆ. ಆಸರೆ ಕೊಟ್ಟದ್ದು ಅಲ್ಲಿನ ಮೂಲನಿವಾಸಿಗಳಾದ ವಾಂಪನೋಗ್ ಜನ. ಆಮೇಲೆ ನೆಲ ಕೊಟ್ಟದ್ದು ನರಗ್ಯಾನ್ಸೆಟ್ ಜನರ ನಾಯಕರಾದ ಕನಾನಿಕಸ್ ಮತ್ತು ಮಿಯಾಂಟೊನೊಮಿ. ಆ ನೆಲದಲ್ಲಿ ಎದ್ದ ಊರೇ ಪ್ರಾವಿಡೆನ್ಸ್. ಕ್ರೈಸ್ತರು ಹೊರಹಾಕಿದ ಪಾದ್ರಿಯನ್ನು ಒಳಗೆ ಕರೆದವರು ಏಸುವಿನ ಹೆಸರು ಹೇಳದ ಜನ. ರೋಜರ್ ಅವರ ಭಾಷೆ ಕಲಿತರು. 1643ರಲ್ಲಿ ಆ ಭಾಷೆಯ ಬಗ್ಗೆ ಒಂದು ಪುಸ್ತಕವನ್ನೇ ಅಚ್ಚು ಹಾಕಿಸಿದರು.

[ತೆರೆಯ ಮೇಲೆ: ಗೋಧಿ ಹೊಲ. ನಿಧಾನವಾಗಿ ಹತ್ತಿರಕ್ಕೆ.]

ಅವರ ಯೋಚನೆ ಎಲ್ಲಿಂದ ಬಂತು? ಬೈಬಲ್‌ನಿಂದಲೇ. ಮತ್ತಾಯನ ಸುವಾರ್ತೆಯ 13ನೇ ಅಧ್ಯಾಯದಲ್ಲಿ ಏಸು ಹೇಳುವ ಒಂದು ಕಥೆ ಇದೆ. ಒಬ್ಬ ಗೋಧಿ ಬಿತ್ತುತ್ತಾನೆ. ರಾತ್ರಿ ವೈರಿ ಬಂದು ಕಳೆ ಬಿತ್ತಿ ಹೋಗುತ್ತಾನೆ. ಕಿತ್ತುಹಾಕಲಾ ಅಂತ ಆಳುಗಳು ಕೇಳಿದರೆ ಯಜಮಾನ ಬೇಡ ಅನ್ನುತ್ತಾನೆ. ಕಳೆ ಕೀಳಲು ಹೋಗಿ ಗೋಧಿಯನ್ನೂ ಕಿತ್ತುಬಿಟ್ಟೀರಿ, ಕೊಯ್ಲಿನ ತನಕ ಎರಡೂ ಬೆಳೆಯಲಿ. ಗದ್ದೆ ಕೆಲಸ ಮಾಡಿದವರಿಗೆ ಇದು ಚೆನ್ನಾಗಿ ಗೊತ್ತು. ನಮ್ಮ ಭತ್ತದ ಗದ್ದೆಯಲ್ಲೂ ಭತ್ತದ ಹಾಗೇ ಕಾಣುವ ಕಳೆ ಬರುತ್ತದೆ, ತೆನೆ ಬರುವ ತನಕ ಗುರುತು ಸಿಗುವುದು ಕಷ್ಟ.

ಈ ಕಥೆಯಲ್ಲಿ ಹೊಲ ಅಂದರೆ ಲೋಕ ಅಂತ ಏಸುವೇ ಬಿಡಿಸಿ ಹೇಳಿದ್ದಾನೆ. ಹಾಗಾದರೆ ಲೋಕದಲ್ಲಿ ಕಳೆ ಕೀಳುವ ಕೆಲಸ ನಿಮಗೆ ಕೊಟ್ಟವರು ಯಾರು? 1644ರಲ್ಲಿ ರೋಜರ್ ಕೇಳಿದ ಪ್ರಶ್ನೆ ಇದೇ. ಯೆಹೂದಿ, ಮುಸ್ಲಿಂ, ಬೇರೆ ದೇವರುಗಳನ್ನು ಪೂಜಿಸುವವರು, ಯಾರನ್ನೂ ಅವರು ಹೊರಗಿಡಲಿಲ್ಲ. ಎಲ್ಲರಿಗೂ ಅವರವರ ಮನಸ್ಸಾಕ್ಷಿಯ ದಾರಿ ಬಿಡಬೇಕು ಅಂದರು. ಬಲವಂತದ ಪೂಜೆ ದೇವರ ಮೂಗಿಗೆ ನಾರುತ್ತದೆ ಅಂತಲೂ ಒಂದು ಪತ್ರದಲ್ಲಿ ಬರೆದರು.

ಹೇಳುವುದು ಸುಲಭ, ನಡೆದುಕೊಳ್ಳುವುದು ಕಷ್ಟ, ಅಲ್ವಾ? ಪ್ರಾವಿಡೆನ್ಸ್‌ಗೆ ಮೊದಲ ಪರೀಕ್ಷೆ ಒಂದು ಮನೆಯೊಳಗಿಂದಲೇ ಬಂತು. ಜೋಶುವಾ ವೆರಿನ್ ಅನ್ನುವವನು ತನ್ನ ಹೆಂಡತಿಯನ್ನು ಪ್ರಾರ್ಥನೆಗೆ ಹೋಗದಂತೆ ತಡೆದ, ಹೊಡೆದ. ಗಂಡನ ಮಾತು ಹೆಂಡತಿ ಕೇಳಬೇಕಲ್ಲ ಅಂತ ಊರಲ್ಲೇ ಕೆಲವರು ಅವನ ಪರ ನಿಂತರು. 1638ರ ಮೇ ತಿಂಗಳಲ್ಲಿ ಊರಿನವರು ಸೇರಿ ತೀರ್ಮಾನ ಮಾಡಿದರು: ಹೆಂಡತಿಯ ಮನಸ್ಸಾಕ್ಷಿಗೆ ಅಡ್ಡ ಬಂದದ್ದಕ್ಕೆ ವೆರಿನ್‌ನ ಮತದ ಹಕ್ಕು ಹೋಯಿತು. 1638ರಲ್ಲಿ ಇದು! ಈ ಒಂದು ಸಾಲು ಓದಿದಾಗ ನಾನು ಪುಸ್ತಕ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

[ತೆರೆಯ ಮೇಲೆ: ಕಪ್ಪು ಪರದೆ. ದೂರದಿಂದ ಡೋಲಿನ ಸದ್ದು.]

ದೊಡ್ಡ ಪರೀಕ್ಷೆ ಕ್ವೇಕರರದ್ದು. ಇವರಿಗೆ ಸಂಬಳದ ಪಾದ್ರಿ ಇಲ್ಲ. ಒಟ್ಟಿಗೆ ಮೌನವಾಗಿ ಕೂರುತ್ತಾರೆ, ಒಳಗಿನ ಬೆಳಕು ಮಾತಾಡಿಸಿದಾಗ ಯಾರಾದರೂ ಎದ್ದು ಮಾತಾಡುತ್ತಾರೆ, ಹೆಂಗಸರೂ ಸಹ. ಅಧಿಕಾರಿಗಳ ಮುಂದೆ ಟೋಪಿ ತೆಗೆಯುವುದಿಲ್ಲ. ಆಣೆ ಮಾಡುವುದಿಲ್ಲ. ಬಾಸ್ಟನ್ ಇರುವ ಮ್ಯಾಸಚೂಸೆಟ್ಸ್ ವಸಾಹತಿನ ಸರ್ಕಾರ ಇವರಿಗೆ ಚಾಟಿ ಬೀಸಿತು, ಕಿವಿ ಕೊಯ್ದಿತು. 1658ರಲ್ಲಿ, ಗಡಿಪಾರಾದ ಮೇಲೆ ತಿರುಗಿ ಬಂದರೆ ಸಾವು ಅಂತ ಕಾನೂನು ಮಾಡಿತು.

ಮೇರಿ ಡೈಯರ್ ನ್ಯೂಪೋರ್ಟ್‌ನ ಹೆಂಗಸು, ಮಕ್ಕಳ ತಾಯಿ. 1659ರ ಅಕ್ಟೋಬರ್ 27ರಂದು ಇಬ್ಬರು ಕ್ವೇಕರ್ ಗಂಡಸರ ಜೊತೆ ಅವರನ್ನೂ ಬಾಸ್ಟನ್‌ನಲ್ಲಿ ನೇಣಿನ ಕಡೆ ನಡೆಸಿಕೊಂಡು ಹೋದರು. ಮಾತಾಡಿದರೆ ಜನರಿಗೆ ಕೇಳಿಸಬಾರದು ಅಂತ ದಾರಿಯುದ್ದಕ್ಕೂ ಡೋಲು ಬಾರಿಸಿದರು. ಇಬ್ಬರು ಗಂಡಸರು ಮೇರಿಯ ಕಣ್ಣೆದುರೇ ಸತ್ತರು. ಮೇರಿಯ ಕೊರಳಿಗೂ ಹಗ್ಗ ಬಿತ್ತು. ಕೊನೇ ಗಳಿಗೆಯಲ್ಲಿ ಕ್ಷಮಾದಾನ ಅಂತ ಕೆಳಗಿಳಿಸಿ ಕಳಿಸಿದರು. ಮರುವರ್ಷ ಮೇರಿ ಮತ್ತೆ ಬಾಸ್ಟನ್‌ಗೆ ಬಂದರು. ಆ ಕಾನೂನು ತೆಗೆಯಿರಿ ಅಂತ ಕೇಳಲು. 1660ರ ಜೂನ್ 1ರಂದು ನೇಣು ಹಾಕಿದರು. ಬಾಸ್ಟನ್ ಸುತ್ತಮುತ್ತ ಇರುವ ನಮ್ಮ ಕನ್ನಡಿಗರೇ, ಅಲ್ಲಿನ ವಿಧಾನಸಭಾ ಕಟ್ಟಡದ ಮುಂದೆ ಮೇರಿ ಡೈಯರ್ ಅವರ ಪ್ರತಿಮೆ ಇದೆ. ಆ ಕಡೆ ಹೋದಾಗ ಒಂದು ನಿಮಿಷ ನಿಂತು ನೋಡಿ.

ಇದೆಲ್ಲ ಆಗುವ ಮೊದಲೇ, 1657ರಲ್ಲಿ, ಸುತ್ತಲಿನ ವಸಾಹತುಗಳು ರೋಡ್ ಐಲ್ಯಾಂಡ್‌ಗೆ ಪತ್ರ ಬರೆದಿದ್ದವು. ಕ್ವೇಕರರನ್ನು ಓಡಿಸಿ ಅಂತ. ರೋಡ್ ಐಲ್ಯಾಂಡ್ ಆಗಲ್ಲ ಅಂದಿತು. ಬರೀ ಬಾಯಲ್ಲಿ ತಮ್ಮ ನಂಬಿಕೆ ಹೇಳಿಕೊಂಡವರನ್ನು ಶಿಕ್ಷಿಸುವ ಕಾನೂನು ನಮ್ಮಲ್ಲಿ ಇಲ್ಲ ಅನ್ನುವುದು ಅವರ ಉತ್ತರ. ಜೊತೆಗೆ ಇನ್ನೊಂದು ಮಾತು: ಯಾರೂ ತಡೆಯದ ಕಡೆ ಇವರಿಗೆ ಇರಲು ಮನಸ್ಸೇ ಇಲ್ಲ, ಹೊಡೆದಷ್ಟೂ ಇವರ ಕಡೆ ಜನ ಜಾಸ್ತಿ ಆಗುತ್ತಾರೆ. 1663ರಲ್ಲಿ ರಾಜ ಎರಡನೇ ಚಾರ್ಲ್ಸ್ ಕೊಟ್ಟ ಸನದಿನಲ್ಲೂ, ಧರ್ಮದ ಅಭಿಪ್ರಾಯ ಬೇರೆ ಅಂತ ಯಾರಿಗೂ ತೊಂದರೆ ಕೊಡಬಾರದು ಎಂದು ಬರೆಸಿಕೊಂಡರು. ಯೆಹೂದಿಗಳೂ ನ್ಯೂಪೋರ್ಟ್‌ಗೆ ಬಂದು ನೆಲೆಸಿದರು. 1763ರಲ್ಲಿ ಅವರು ಕಟ್ಟಿದ ಟೌರೋ ಸಿನಗಾಗ್‌ನಲ್ಲಿ ಇವತ್ತೂ ಪ್ರಾರ್ಥನೆ ನಡೆಯುತ್ತದೆ.

ಒಂದು ಕಹಿ ಸತ್ಯವನ್ನೂ ಹೇಳಲೇಬೇಕು. 1676ರಲ್ಲಿ ವಸಾಹತಿನವರಿಗೂ ಮೂಲನಿವಾಸಿಗಳಿಗೂ ನಡೆದ ಯುದ್ಧದಲ್ಲಿ ಪ್ರಾವಿಡೆನ್ಸ್ ಸುಟ್ಟುಹೋಯಿತು. ಆಮೇಲೆ ಸೆರೆಸಿಕ್ಕ ಮೂಲನಿವಾಸಿಗಳನ್ನು ಜೀತಕ್ಕೆ ಮಾರುವ ವ್ಯವಸ್ಥೆ ಮಾಡಿದ ಸಮಿತಿಯಲ್ಲಿ ರೋಜರ್ ಕೂಡ ಇದ್ದರು. ಹಿಮದಲ್ಲಿ ತನಗೆ ಬಾಗಿಲು ತೆರೆದ ಜನರ ಮಕ್ಕಳು ಅವರು. ಇದಕ್ಕೆ ನನ್ನ ಹತ್ತಿರ ಯಾವ ಸಮಜಾಯಿಷಿಯೂ ಇಲ್ಲ.

[ತೆರೆಯ ಮೇಲೆ: ಮತ್ತೆ ಕೊಲ್ಲಿ. ಈಗ ಬೆಳಗಿನ ಬೆಳಕು.]

ಈಗ ಮತ್ತೆ ನ್ಯೂಪೋರ್ಟ್‌ಗೆ. ಅಲ್ಲಿ ಮೂವರು ಕ್ವೇಕರರ ಜೊತೆ ರೋಜರ್ ಮೂರು ದಿನ ವಾದ ಮಾಡಿದರು, ಆಮೇಲೆ ಪ್ರಾವಿಡೆನ್ಸ್‌ನಲ್ಲಿ ಇನ್ನೊಂದು ದಿನ. ಮಧ್ಯೆ ಮಧ್ಯೆ ಕೂಗಾಟ. ಮುದುಕ, ಮುದುಕ ಅಂತ ಹಂಗಿಸಿದರು. ರೋಜರ್ ಕೂಡ ಕಡಿಮೆ ಇರಲಿಲ್ಲ, ಅವರ ಬಾಯಿ ಬಹಳ ಖಾರ. ಆ ವರ್ಷ ರೋಡ್ ಐಲ್ಯಾಂಡ್‌ನ ಗವರ್ನರ್ ಯಾರು ಗೊತ್ತಾ? ನಿಕೋಲಸ್ ಈಸ್ಟನ್, ಸ್ವತಃ ಕ್ವೇಕರ್. ಹನ್ನೆರಡು ವರ್ಷದ ಹಿಂದೆ ಬಾಸ್ಟನ್‌ನಲ್ಲಿ ನೇಣು, ಇಲ್ಲಿ ಗವರ್ನರ್ ಕುರ್ಚಿ.

ನನಗೆ ರೋಜರ್ ಇಷ್ಟವಾಗುವುದು ಇಲ್ಲೇ. ಎಲ್ಲ ದಾರಿಯೂ ಒಂದೇ ಅಂತ ಅವರು ಯಾವತ್ತೂ ಹೇಳಲಿಲ್ಲ. ನೀವು ತಪ್ಪು ಅಂತ ಬಾಯಿಬಿಟ್ಟು ಹೇಳುತ್ತಿದ್ದರು, ಅದಕ್ಕಾಗಿ ದಿನವಿಡೀ ಹುಟ್ಟು ಹಾಕಿಕೊಂಡು ಬರುತ್ತಿದ್ದರು. ಆದರೆ ಅವರನ್ನು ಊರು ಬಿಡಿಸಿ ಅಂತ ಸರ್ಕಾರದ ಬಾಗಿಲು ತಟ್ಟಲಿಲ್ಲ. ಇಷ್ಟವಾದವರಿಗೆ ಪಕ್ಕದಲ್ಲಿ ಜಾಗ ಯಾರು ಬೇಕಾದರೂ ಕೊಡುತ್ತಾರೆ.

ವಾದದಲ್ಲಿ ಯಾರೂ ಸೋಲಲಿಲ್ಲ, ಯಾರೂ ಗೆಲ್ಲಲಿಲ್ಲ. ರೋಜರ್ ತಮ್ಮ ವಾದವನ್ನೆಲ್ಲ ಪುಸ್ತಕ ಮಾಡಿದರು. 1676ರಲ್ಲಿ ಅದು ಅಚ್ಚಾಗಿದ್ದು ಬಾಸ್ಟನ್‌ನಲ್ಲಿ, ಅವರನ್ನು ಹೊರಹಾಕಿದ ನಾಡಿನಲ್ಲೇ. ಕ್ವೇಕರರೂ ಪುಸ್ತಕ ಬರೆದೇ ಉತ್ತರ ಕೊಟ್ಟರು. ಮೌನವಾಗಿ ಕೂತು ಪ್ರಾರ್ಥಿಸಲು 1699ರಲ್ಲಿ ಅವರು ಕಟ್ಟಿದ ದೊಡ್ಡ ಮರದ ಮನೆ ನ್ಯೂಪೋರ್ಟ್‌ನಲ್ಲಿ ಇವತ್ತಿಗೂ ನಿಂತಿದೆ.

[ತೆರೆಯ ಮೇಲೆ: ಆ ಮನೆಯ ಚಿತ್ರ. ಸದ್ದಿಲ್ಲ.]