ಚಿತ್ರ ಹೊಸಬನಿಗೆ, ಸದ್ದು ಹಳಬನಿಗೆ

ಈಗ ನೀವು ನೋಡ್ತಿರೋದು ನಮ್ಮ ಟಿವಿ ಸ್ಟ್ಯಾಂಡಿನ ಬೆನ್ನು. ಇದಕ್ಕೆ ಮನೇಲಿ ಹುತ್ತ ಅಂತ ಹೆಸರಿಟ್ಟಿದ್ದಾರೆ. ಕೈ ಹಾಕಿದರೆ ಯಾವ ವೈರ್ ಬರುತ್ತೋ ಹೇಳೋಕಾಗಲ್ಲ.

ಆ ಕಪ್ಪು ದಪ್ಪ ಪೆಟ್ಟಿಗೆ ಇದೆಯಲ್ಲ, ಅದು ಅಪ್ಪನ ಕಾಲದ ಎವಿ ರಿಸೀವರ್, ಅಂದರೆ ಎಲ್ಲ ಸ್ಪೀಕರ್‌ಗಳಿಗೂ ಸದ್ದು ಹಂಚೋ ಪೆಟ್ಟಿಗೆ. ಒಂದೇ ಕೈಲಿ ಎತ್ತೋಕೆ ಹೋದರೆ ಸೊಂಟ ಹಿಡ್ಕೊಳ್ಳುತ್ತೆ. ಐದು ಸ್ಪೀಕರ್, ಒಂದು ಸಬ್‌ವೂಫರ್, ಎಲ್ಲ ಇವತ್ತಿಗೂ ಗಟ್ಟಿಮುಟ್ಟು. ಮುಂದೆ ಗೋಡೆ ಮೇಲಿರೋದು ಹೊಸ 4ಕೆ ಟಿವಿ. ಕಾಗದದಷ್ಟು ತೆಳು, ಸದ್ದೂ ಅಷ್ಟೇ ತೆಳು. "ಇದನ್ನ ಅದಕ್ಕೆ ಸೇರಿಸಿದರೆ ಆಯ್ತಲ್ಲ, ಅರ್ಧ ಗಂಟೆ ಕೆಲಸ" ಅಂದಿದ್ದು ನಾನೇ. ಆಗ ಬೆಳಿಗ್ಗೆ ಹತ್ತು ಗಂಟೆ. ಈ ಶಾಟ್‌ನಲ್ಲಿ ಕಿಟಕಿ ಹೊರಗೆ ಕತ್ತಲಾಗಿರೋದನ್ನ ಗಮನಿಸಿ.

ಮೊದಲು ಮಾಡಿದ್ದು ಪುಸ್ತಕದಲ್ಲಿ ಹೇಳಿದ ಹಾಗೇ. ಸ್ಟ್ರೀಮಿಂಗ್ ಬಾಕ್ಸ್‌ನಿಂದ ರಿಸೀವರ್‌ಗೆ ಚಿತ್ರ, ಸದ್ದು ಎರಡನ್ನೂ ಸಾಗಿಸೋ ಒಂದು ಎಚ್‌ಡಿಎಂಐ ವೈರ್, ರಿಸೀವರ್‌ನಿಂದ ಟಿವಿಗೆ ಇನ್ನೊಂದು. ಸದ್ದು ಬಂತು, ಕೋಣೆ ನಡುಗ್ತು. ಚಿತ್ರ ಮಾತ್ರ ಯಾಕೋ ಮಂಕು. ಸೆಟ್ಟಿಂಗ್ಸ್ ತೆಗೆದು ನೋಡಿದರೆ 1080ಪಿ, 4ಕೆಗಿಂತ ಕಡಿಮೆ ಸ್ಪಷ್ಟತೆ. 4ಕೆ ಅನ್ನೋ ಆಯ್ಕೆಯೇ ಕಾಣಿಸ್ತಿಲ್ಲ!

ಇದರಲ್ಲಿ ಬಾಕ್ಸ್‌ನ ತಪ್ಪಿಲ್ಲ. ಎಚ್‌ಡಿಎಂಐ ಸಿಕ್ಕಿಸಿದ ತಕ್ಷಣ ಎರಡು ಕಡೆಯ ಯಂತ್ರಗಳೂ ಮಾತಾಡ್ಕೊಳ್ತವೆ. "ನಿನ್ನ ಕೈಲಿ ಎಷ್ಟಾಗುತ್ತಪ್ಪ?" ಅಂತ ಬಾಕ್ಸ್ ಕೇಳುತ್ತೆ. ಉತ್ತರ ಹೇಳೋನು ಟಿವಿ ಅಲ್ಲ, ಮಧ್ಯೆ ಕೂತಿರೋ ಹಳೆ ರಿಸೀವರ್. ಅವನಿಗೆ ಗೊತ್ತಿರೋದು 1080ಪಿವರೆಗೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋದನ್ನ ಬಾಕ್ಸ್ ಚಾಚೂ ತಪ್ಪದೆ ಪಾಲಿಸ್ತು, ಅಷ್ಟೇ. ಸಾಲದ್ದಕ್ಕೆ 4ಕೆ ಸಿನಿಮಾಗಳಿಗೆ ನಕಲು ಮಾಡದಂತೆ ತಡೆಯೋ ಎಚ್‌ಡಿಸಿಪಿ 2.2 ಅನ್ನೋ ಬೀಗ ಬೇರೆ ಇರುತ್ತೆ. ದಾರಿಯಲ್ಲಿರೋ ಒಂದು ಪೆಟ್ಟಿಗೆಗೆ ಆ ಬೀಗದ ಪರಿಚಯ ಇಲ್ಲದಿದ್ದರೂ ಮುಗೀತು. ಒಂದೋ ಚಿತ್ರ ಕೆಳಗಿಳಿಯುತ್ತೆ, ಇಲ್ಲಾ ಪರದೆ ಪೂರ್ತಿ ಕಪ್ಪು. ಎಷ್ಟೇ ದುಬಾರಿ ಕೇಬಲ್ ತಂದರೂ ಇದು ಸರಿಹೋಗಲ್ಲ. ಕೇಬಲ್ ಬದಲಾಯಿಸಿ ನೋಡಿ ಅನ್ನೋ ಸಲಹೆಯನ್ನ ನಾನೂ ನಂಬಿ ಮೂರು ಕೇಬಲ್ ಬದಲಾಯಿಸಿದೆ, ಅದನ್ನ ಎಡಿಟ್‌ನಲ್ಲಿ ಕತ್ತರಿಸಿದ್ದೀನಿ.

ಹಾಗಾಗಿ ದಾರಿ ತಿರುಗಿಸಿದೆ. ಚಿತ್ರ ಹಳಬನ ಮನೆಗೆ ಹೋಗೋದೇ ಬೇಡ. ಬಾಕ್ಸ್ ನೇರ ಟಿವಿಗೆ. ಸದ್ದು ಮಾತ್ರ ಟಿವಿಯಿಂದ ವಾಪಸ್ ರಿಸೀವರ್‌ಗೆ.

ವಾಪಸ್ ಬರೋಕೆ ಸುಲಭದ ದಾರಿ ಎಆರ್‌ಸಿ, ಅಂದರೆ ಎಚ್‌ಡಿಎಂಐ ವೈರಿನಲ್ಲೇ ಟಿವಿಯ ಸದ್ದನ್ನ ರಿಸೀವರ್‌ಗೆ ಕಳಿಸೋ ಸೌಲಭ್ಯ. ಆದರೆ ಅದು ಬಂದಿದ್ದು 2009ರ ಎಚ್‌ಡಿಎಂಐ 1.4ರಲ್ಲಿ. ನಮ್ಮ ರಿಸೀವರ್ ಅದಕ್ಕಿಂತ ಮುಂಚೆ ಹುಟ್ಟಿದ್ದು. ನಿಮ್ಮದರಲ್ಲಿ ಇದ್ದರೆ ಎರಡೂ ಕಡೆ ಎಆರ್‌ಸಿ ಅಂತ ಬರೆದಿರೋ ತೂತಿಗೇ ಹಾಕಿ, ಮೆನುವಿನಲ್ಲಿ ಸಿಇಸಿ (ಯಂತ್ರಗಳು ಒಂದನ್ನೊಂದು ನಿಯಂತ್ರಿಸೋ ಆಯ್ಕೆ) ಆನ್ ಮಾಡಿ. ಟಿವಿಗೆ ನಾಲ್ಕು ಎಚ್‌ಡಿಎಂಐ ಇದ್ದರೂ ಈ ಭಾಗ್ಯ ಸಾಮಾನ್ಯವಾಗಿ ಒಂದಕ್ಕೆ ಮಾತ್ರ.

ನನಗೆ ಉಳಿದಿದ್ದು ಆಪ್ಟಿಕಲ್, ಸದ್ದನ್ನ ಬೆಳಕಾಗಿ ಸಾಗಿಸೋ ಕೇಬಲ್. ತೋಷಿಬಾ ಕಂಪನಿ 1983ರಲ್ಲಿ ತಂದ ಟಾಸ್‌ಲಿಂಕ್ ಇದು. ನಲವತ್ತು ವರ್ಷ ದಾಟಿದೆ, ಹೊಸ ಟಿವಿಗಳ ಬೆನ್ನಲ್ಲಿ ಇನ್ನೂ ಜಾಗ ಹಿಡ್ಕೊಂಡಿದೆ. ಇದರ ಮೇಲೆ ನನಗೆ ಗೌರವ.

ಈಗ ಕ್ಯಾಮೆರಾ ಹತ್ತಿರ ತರ್ತೀನಿ. ಆಪ್ಟಿಕಲ್ ಸಿಕ್ಕಿಸಿದೆ, ಸದ್ದಿಲ್ಲ. ತೆಗೆದು ಮತ್ತೆ ಹಾಕಿದೆ, ಸದ್ದಿಲ್ಲ. ರಿಸೀವರ್ ಸತ್ತೇ ಹೋಯ್ತು ಅಂದ್ಕೊಂಡೆ. ಆಮೇಲೆ ಕೇಬಲ್ ತುದಿಯನ್ನ ದೀಪದ ಕೆಳಗೆ ಹಿಡಿದು ನೋಡ್ತೀನಿ: ಉಗುರಿನಷ್ಟು ಪುಟ್ಟ ಪಾರದರ್ಶಕ ಪ್ಲಾಸ್ಟಿಕ್ ಟೋಪಿ. ಧೂಳು ಕೂರದಿರಲಿ ಅಂತ ಹಾಕಿರ್ತಾರೆ, ತೆಗೀಬೇಕು. ಉಗುರಿನಲ್ಲಿ ಎಳೆದೆ, ಟಕ್ ಅಂತ ಹಾರಿ ಸೋಫಾ ಕೆಳಗೆ ಹೋಯ್ತು, ಇನ್ನೂ ಸಿಕ್ಕಿಲ್ಲ. ಟಿವಿ ಕಡೆಯ ತುದಿ ಸಿಕ್ಕಿಸಿ ಈ ತುದಿ ನೋಡಿದರೆ, ಅಗೋ, ಸಾಸಿವೆ ಕಾಳಿನಷ್ಟು ಕೆಂಪು ಬೆಳಕು. ಆ ಬೆಳಕೇ ಸದ್ದು. ಆ ಚುಕ್ಕೆ ಕಂಡರೆ ಟಿವಿ ಕಳಿಸ್ತಿದೆ ಅಂತ ಅರ್ಥ, ತೊಂದರೆ ಇದ್ದರೆ ಈಚೆ ಕಡೆ ಹುಡುಕಿ.

ಸದ್ದು ಬಂತು. ಮುಂದಿನ ಎರಡೇ ಸ್ಪೀಕರ್‌ನಲ್ಲಿ! ಟಿವಿ ಆಡಿಯೋ ಮೆನುವಿನಲ್ಲಿ ಪಿಸಿಎಂ ಅಂತ ಇತ್ತು, ಅಂದರೆ ಟಿವಿಯೇ ಸದ್ದನ್ನ ಬಿಚ್ಚಿ ಕಳಿಸೋ ಬಗೆ. ಆಪ್ಟಿಕಲ್‌ನಲ್ಲಿ ಪಿಸಿಎಂ ಅಂದರೆ ಎರಡೇ ಚಾನೆಲ್. ಅದನ್ನ ಬಿಟ್‌ಸ್ಟ್ರೀಮ್‌ಗೆ ಬದಲಾಯಿಸಿದೆ, ಅಂದರೆ ಗಂಟು ಬಿಚ್ಚದೆ ರಿಸೀವರ್‌ಗೆ ಕಳಿಸು ಅಂತ. ಕೆಲವು ಟಿವಿಗಳಲ್ಲಿ ಡಾಲ್ಬಿ ಡಿಜಿಟಲ್ ಅಂತಲೇ ಇರುತ್ತೆ. ಒಂದು ಕ್ಷಣ ಮೌನ, ರಿಸೀವರ್ ಒಳಗೆ ರಿಲೇ ಕ್ಲಿಕ್ ಅಂತು, ಮುಂದಿನ ಫಲಕದಲ್ಲಿ ಡಾಲ್ಬಿ ಡಿಜಿಟಲ್ ದೀಪ ಹತ್ತಿತು. ಹಿಂದಿನ ಸ್ಪೀಕರ್‌ನಲ್ಲಿ ಮಳೆ ಶುರುವಾಯ್ತು. ಅಪ್ಪ ನಿಜವಾಗಲೂ ತಿರುಗಿ ಕಿಟಕಿ ನೋಡಿದರು.

ತಲೆ ಮೇಲಿಂದಲೂ ಸದ್ದು ಕೇಳಿಸೋ ಡಾಲ್ಬಿ ಅಟ್ಮಾಸ್ ಕಥೆ ಏನು ಅಂತ ಕೇಳ್ತೀರ. ಆಪ್ಟಿಕಲ್‌ನಲ್ಲಿ ಅದು ಬರಲ್ಲ. ಎಆರ್‌ಸಿ ಇದ್ದರೆ ಸ್ಟ್ರೀಮಿಂಗ್‌ನ ಅಟ್ಮಾಸ್ ಬರಬಹುದು. ಬ್ಲೂ-ರೇ ಡಿಸ್ಕ್‌ನಲ್ಲಿರೋ ಟ್ರೂಎಚ್‌ಡಿ ಅನ್ನೋ ದೊಡ್ಡ ಗಾತ್ರದ ಸದ್ದು ಟಿವಿ ಮೂಲಕವೇ ಬರಬೇಕು ಅಂದರೆ 2017ರ ಎಚ್‌ಡಿಎಂಐ 2.1 ಜೊತೆ ಬಂದ ಇ-ಎಆರ್‌ಸಿ ಬೇಕು. ನಮ್ಮ ಸೂರಿನಲ್ಲಿ ಸ್ಪೀಕರೇ ಇಲ್ಲ, ಹೋಗಿದ್ದಕ್ಕೆ ಅಳೋದ್ಯಾಕೆ?

ಬೇಜಾರಿನ ವಿಷಯ ಇನ್ನೊಂದಿದೆ. ಆಪ್ಟಿಕಲ್ ಸದ್ದು ಸಾಗಿಸುತ್ತೆ, ರಿಮೋಟ್ ಮಾತು ಸಾಗಿಸಲ್ಲ. ವಾಲ್ಯೂಮ್‌ಗೆ ಹಳೇ ರಿಮೋಟೇ ಗತಿ.

ಇನ್ನು ಹಳೇ ಡಿವಿಡಿ ಪ್ಲೇಯರ್. ಎಚ್‌ಡಿಎಂಐ ಇಲ್ಲ, ಹಳದಿ-ಬಿಳಿ-ಕೆಂಪು ತೂತು ಮಾತ್ರ: ಹಳದಿ ಚಿತ್ರಕ್ಕೆ, ಉಳಿದೆರಡು ಸದ್ದಿಗೆ. ಟಿವಿಯಲ್ಲಿ ಹಳದಿ ತೂತೇ ಇಲ್ಲ, ಹಸಿರು ಇದೆ. ಹಳದಿ ಪಿನ್ನನ್ನ ಅಲ್ಲಿಗೇ ಹಾಕಿದೆ, ಡಿವಿಡಿ ಶುರುವಾಯ್ತು, ಪೂರ್ತಿ ಕಪ್ಪು-ಬಿಳುಪು. ಹಸಿರು ತೂತು ಕಾಂಪೊನೆಂಟ್‌ಗೂ, ಅಂದರೆ ಚಿತ್ರವನ್ನ ಮೂರು ತಂತಿಗೆ ಹಂಚಿ ಕಳಿಸೋ ಪದ್ಧತಿಗೂ, ಸೇರಿದ್ದು. ಕಾಂಪೊನೆಂಟ್ ಅಂತ ಆಯ್ಕೆ ಆಗಿದ್ದರೆ ಆ ಒಂದು ತಂತಿಯಿಂದ ಬೆಳಕು-ನೆರಳನ್ನ ಮಾತ್ರ ಓದ್ಕೊಳ್ಳುತ್ತೆ. ಇನ್‌ಪುಟ್ ಪಟ್ಟಿಯಲ್ಲಿ ಎವಿ ಅಂತ ಆರಿಸಿದ ಕೂಡಲೇ ಬಣ್ಣ ಬಂತು. ನಿಮ್ಮ ಟಿವಿಯಲ್ಲಿ ಹಸಿರೂ ಇಲ್ಲ ಅಂದರೆ ಕರೆಂಟ್ ತಗೊಳ್ಳೋ ಪುಟ್ಟ ಕನ್ವರ್ಟರ್ ಬೇಕು. ಒಂದು ತುದಿ ಎಚ್‌ಡಿಎಂಐ, ಇನ್ನೊಂದು ತುದಿ ಮೂರು ಬಣ್ಣ ಅಂತ ಬರೀ ವೈರ್ ಮಾರ್ತಾರಲ್ಲ, ಅದು ಈ ಕೆಲಸ ಮಾಡಲ್ಲ. ಅನಲಾಗ್ ಡಿಜಿಟಲ್ ಆಗೋಕೆ ಮಧ್ಯೆ ಒಂದು ಚಿಪ್ ದುಡೀಬೇಕು.

ಡಿವಿಡಿಯ ಸದ್ದಿಗೆ ಟಿವಿ ದಾರಿ ಬೇಡ. ಪ್ಲೇಯರ್ ಬೆನ್ನಲ್ಲಿ ಡಿಜಿಟಲ್ ಸದ್ದು ಹೊರಗೆ ಕಳಿಸೋ ಕಿತ್ತಳೆ ಬಣ್ಣದ ಕೋಯಾಕ್ಸಿಯಲ್ ತೂತು ಇತ್ತು, ಅದನ್ನ ನೇರ ರಿಸೀವರ್‌ಗೆ ಕೊಟ್ಟೆ. ಅಲ್ಲಿ ಹೊಸ ತಾಪತ್ರಯ: ಬಾಗಿಲು ಮುಚ್ಚೋ ಸದ್ದು ಮೊದಲು, ಬಾಗಿಲು ಆಮೇಲೆ. ಹಳೇ ಚಿತ್ರವನ್ನ 4ಕೆ ಅಳತೆಗೆ ಹಿಗ್ಗಿಸೋಕೆ ಟಿವಿಗೆ ಒಂದಿಷ್ಟು ಮಿಲಿಸೆಕೆಂಡ್ ಬೇಕು, ಸದ್ದಿಗೆ ಅಂಥ ಕೆಲಸ ಏನಿಲ್ಲ, ಓಡಿ ಬಂದುಬಿಡುತ್ತೆ. ರಿಸೀವರ್‌ನಲ್ಲಿ ಆಡಿಯೋ ಡಿಲೇ ಅಂತ ಇದೆ. ಮಾತಾಡೋರ ತುಟಿ ನೋಡ್ತಾ ಹತ್ತತ್ತು ಮಿಲಿಸೆಕೆಂಡ್ ಏರಿಸ್ತಾ ಹೋದೆ. ತೊಂಬತ್ತಕ್ಕೆ ತುಟಿ, ಮಾತು ಕೂಡಿಕೊಂಡವು.

ಕೊನೇ ಶಾಟ್ ಇದು. ಪ್ರತಿ ವೈರ್‌ನ ಎರಡೂ ತುದಿಗೆ ಪೇಪರ್ ಟೇಪ್ ಸುತ್ತಿ ಹೆಸರು ಬರೀತಿದ್ದೀನಿ. ಅಪ್ಪ ಪಕ್ಕದಲ್ಲಿ ಕೂತು ಒಂದು ರಿಮೋಟ್‌ಗೆ "ಚಿತ್ರ", ಇನ್ನೊಂದಕ್ಕೆ "ಸದ್ದು" ಅಂತ ಅಂಟಿಸ್ತಿದ್ದಾರೆ. ಉಳಿದಿರೋ ಏಳು ವೈರ್ ಎಲ್ಲಿಯವು ಅಂತ ಮಾತ್ರ ನಮ್ಮಿಬ್ಬರಿಗೂ ಗೊತ್ತಿಲ್ಲ.