ಹಳೆಯ ಸಾಲ, ಹೊಸ ಸಹಿ

ಮಾನ್ಯರೇ,

ಕಳೆದ ಮಳೆಗಾಲದಲ್ಲಿ ನಮ್ಮ ಕಾನೂನು ನೆರವು ಕೇಂದ್ರಕ್ಕೆ ಹೊಲಿಗೆ ಕೆಲಸದ ತಾಯಿಯೊಬ್ಬರು ಬಂದಿದ್ದರು. ಬ್ಲೌಸ್ ಬಟ್ಟೆಗಳ ಚೀಲದಿಂದ ನಾಲ್ಕು ಮಡಿಕೆಯ ಹಾಳೆಯೊಂದನ್ನು ತೆಗೆದು ಮೇಜಿನ ಮೇಲೆ ಬಿಡಿಸಿಟ್ಟರು. ಹಾಳೆಯ ಕೆಳಗೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪನ್ನು ಆಗಲೇ ಅಂಟಿಸಿತ್ತು. ಅದರ ಮೇಲೆ ಇವರ ಸಹಿಯೊಂದು ಬೀಳುವುದು ಬಾಕಿ ಇತ್ತು. ಹೊಲಿಗೆ ಯಂತ್ರಕ್ಕೆಂದು 2015ರಲ್ಲಿ ಅಡಮಾನವಿಲ್ಲದೆ ತೆಗೆದ ಸಾಲ ಅದು. ಮನೆಯಲ್ಲಿ ಕಾಯಿಲೆ ಬಿದ್ದು 2017ರಲ್ಲಿ ಕಂತು ನಿಂತಿತ್ತು. "ನಾವು ಬಂದು ಹೋದ ಗುರುತಿಗೆ ಒಂದು ಸಹಿ ಹಾಕಮ್ಮ, ಅಷ್ಟೇ" ಎಂದು ವಸೂಲಿಗೆ ಬಂದವರು ಹೇಳಿದ್ದರಂತೆ. ಆದರೆ ಇಂಗ್ಲಿಷಿನಲ್ಲಿದ್ದ ಆ ಹಾಳೆಯ ಒಕ್ಕಣೆಯ ಪ್ರಕಾರ, ಅಸಲು ಬಡ್ಡಿ ಎಲ್ಲವನ್ನೂ ತೀರಿಸುವುದಾಗಿ ಅವರು ಹೊಸದಾಗಿ ಮಾತು ಕೊಡುತ್ತಿದ್ದರು.

ಆ ಸಹಿಗೆ ಏಕೆ ಅಷ್ಟು ಬೆಲೆ ಎಂಬುದನ್ನೇ ಇಂದು ಹೇಳಬೇಕೆಂದಿದ್ದೇನೆ. 1963ರ ಕಾಲಮಿತಿ ಕಾಯ್ದೆಯಂತೆ, ಅಡಮಾನವಿಲ್ಲದ ಕೈಸಾಲಕ್ಕೂ ಪ್ರೋನೋಟಿನ ಸಾಲಕ್ಕೂ ದಾವೆ ಹೂಡಲು ಸಾಮಾನ್ಯವಾಗಿ 3 ವರ್ಷಗಳ ಅವಧಿ ಇರುತ್ತದೆ. ಆ ಅವಧಿಯೊಳಗೆ ನೀವು ಸಾಲವನ್ನು ಒಪ್ಪಿ ಬರೆದು ಸಹಿ ಮಾಡಿದರೆ, ಅಥವಾ ಸ್ವಲ್ಪ ಹಣ ಕಟ್ಟಿ ಅದಕ್ಕೆ ನಿಮ್ಮ ಕೈಬರಹದ ಇಲ್ಲವೇ ಸಹಿಯ ದಾಖಲೆ ಉಳಿದರೆ, ಅಂದಿನಿಂದ ಮತ್ತೆ 3 ವರ್ಷಗಳ ಎಣಿಕೆ ಶುರುವಾಗುತ್ತದೆ. ಇ-ಮೇಲಿನಲ್ಲಿ ಕೊಟ್ಟ ಒಪ್ಪಿಗೆಯೂ ಇದಕ್ಕೆ ಸಲ್ಲುತ್ತದೆಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿದೆ. ಅವಧಿ ಮುಗಿದ ಮೇಲಿನ ಮಾತು ಬೇರೆ. ಆಗ ಐನೂರು ರೂಪಾಯಿ ಕಟ್ಟಿದ ಮಾತ್ರಕ್ಕೆ ಸತ್ತ ದಾವೆಗೆ ಜೀವ ಬರುವುದಿಲ್ಲ. ಆದರೆ ತೀರಿಸುತ್ತೇನೆಂದು ಬರೆದುಕೊಟ್ಟು ಸಹಿ ಮಾಡಿದರೆ, 1872ರ ಕರಾರು ಕಾಯ್ದೆಯ 25(3)ನೇ ಕಲಮಿನ ಪ್ರಕಾರ ಅದೇ ಒಂದು ಹೊಸ ಕರಾರಾಗುತ್ತದೆ. ಆ ತಾಯಿಯ ಮುಂದಿದ್ದುದು ಇಂಥದೇ ಹಾಳೆ. ಮನೆ, ಜಮೀನು ಅಡವಿಟ್ಟ ಸಾಲಕ್ಕೆ ಈ ಲೆಕ್ಕ ಅನ್ವಯಿಸುವುದಿಲ್ಲ, ಅಲ್ಲಿ ಅವಧಿ 12 ವರ್ಷ ಎಂಬುದನ್ನೂ ಮರೆಯಬೇಡಿ.

ಅವಧಿ ಮೀರಿದ ದಾವೆಯನ್ನು, ಸಾಲಗಾರ ಆಕ್ಷೇಪಿಸದಿದ್ದರೂ, ನ್ಯಾಯಾಲಯ ವಜಾ ಮಾಡಲೇಬೇಕೆಂದು ಕಾಲಮಿತಿ ಕಾಯ್ದೆಯ 3ನೇ ಕಲಮು ಹೇಳುತ್ತದೆ. ಆ ಧೈರ್ಯದಲ್ಲಿ ಸಮನ್ಸನ್ನು ಮಡಿಚಿ ಗೂಡಿನಲ್ಲಿಟ್ಟು ಸುಮ್ಮನಾದವರನ್ನು ನಾನು ಕಂಡಿದ್ದೇನೆ, ಕಂಡು ಸಂಕಟಪಟ್ಟಿದ್ದೇನೆ. ಎದುರು ಪಕ್ಷದವರು ಕೊಟ್ಟ ತಾರೀಖುಗಳಷ್ಟೇ ನ್ಯಾಯಾಧೀಶರ ಮುಂದಿದ್ದರೆ ನಿಮ್ಮ ಮಾತು ಕೇಳದೆಯೇ ಅವರ ಪರ ತೀರ್ಪು, ಅಂದರೆ ಏಕಪಕ್ಷೀಯ ಡಿಕ್ರಿ, ಆಗಿಬಿಡಬಹುದು, ಮತ್ತು ಡಿಕ್ರಿಯನ್ನು ಜಾರಿ ಮಾಡಿಸಲು ಅವರಿಗೆ 12 ವರ್ಷಗಳ ಕಾಲಾವಕಾಶ ಸಿಗುತ್ತದೆ. ಏಜೆಂಟನ ಫೋನ್ ಕರೆ ಬೇರೆ, ನ್ಯಾಯಾಲಯದ ಸಮನ್ಸ್ ಬೇರೆ. ಸಮನ್ಸ್ ಬಂದ ದಿನವೇ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ.

ಇನ್ನು ಬಾಗಿಲಿಗೆ ಬರುವವರ ವಿಷಯ. ವಸೂಲಿ ಏಜೆಂಟರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಕರೆ ಮಾಡಬಾರದೆಂದು ರಿಸರ್ವ್ ಬ್ಯಾಂಕ್ 2022ರ ಆಗಸ್ಟ್‌ನಲ್ಲಿ ಸುತ್ತೋಲೆ ಹೊರಡಿಸಿತು. ಕಿರುಸಾಲದ (ಮೈಕ್ರೋಫೈನಾನ್ಸ್) ಸಾಲಗಾರರಿಗೆ ಈ ಮಿತಿ ಬೆಳಿಗ್ಗೆ 9ರಿಂದ ಸಂಜೆ 6. ನಾಲ್ಕು ಜನರೆದುರು ಮರ್ಯಾದೆ ಕಳೆಯುವುದು, ಬಂಧುಗಳಿಗೆ, ಸ್ನೇಹಿತರಿಗೆ ಕಾಟ ಕೊಡುವುದು ನಿಷಿದ್ಧ. ಬಂದವರ ಗುರುತಿನ ಚೀಟಿಯನ್ನೂ ಸಾಲ ಕೊಟ್ಟ ಸಂಸ್ಥೆಯ ಅಧಿಕಾರಪತ್ರವನ್ನೂ ನೋಡದೆ ಮಾತಿಗೆ ಕೂರಬೇಡಿ. ಸಾಲದ ಖಾತೆಯ ಪೂರ್ತಿ ಲೆಕ್ಕವನ್ನು ಲಿಖಿತವಾಗಿ ಕೇಳಿ. ಸಂಸ್ಥೆಗೆ ದೂರು ಕೊಟ್ಟು 30 ದಿನಗಳಲ್ಲಿ ಪರಿಹಾರ ಸಿಗದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಬಹುದು. ಬಲವಂತದ ವಸೂಲಿಯನ್ನು ತಡೆಯಲು ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ತಂದ ಸುಗ್ರೀವಾಜ್ಞೆ 10 ವರ್ಷಗಳವರೆಗಿನ ಸೆರೆವಾಸ ಮತ್ತು 5 ಲಕ್ಷ ರೂಪಾಯಿವರೆಗಿನ ದಂಡವನ್ನು ವಿಧಿಸಿತು. ಬೆದರಿಕೆ, ಹಲ್ಲೆಗಳಿಗೆ ಪೊಲೀಸ್ ಠಾಣೆ ಇದ್ದೇ ಇದೆ.

ತೀರಿಹೋದ ತಂದೆಯ ಸಾಲವನ್ನು ಮಕ್ಕಳ ತಲೆಗೆ ಕಟ್ಟುವುದನ್ನೂ ನೋಡುತ್ತಿದ್ದೇವೆ. ತಂದೆಯಿಂದ ಕೈಗೆ ಬಂದ ಆಸ್ತಿಯ ಮಟ್ಟಿಗೆ ಮಾತ್ರ ವಾರಸುದಾರರು ಹೊಣೆ. ನೀವೇ ಜಾಮೀನು ನಿಂತಿದ್ದರೆ ಮಾತ್ರ ಪ್ರಶ್ನೆ ಬೇರೆಯಾಗುತ್ತದೆ. ಪಿತೃಋಣ ತೀರಿಸುವುದು ಮಗನ ಧರ್ಮ ಎಂಬ ಒಂದೇ ಆಧಾರದ ಮೇಲೆ ಮಗನನ್ನು ಹಿಡಿಯುವ ಪದ್ಧತಿಯನ್ನು, ಆನಂತರದ ಸಾಲಗಳ ಮಟ್ಟಿಗೆ, ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಕೊನೆಗೊಳಿಸಿತು.

ಇದನ್ನೆಲ್ಲ ಕೇಳಿದ ಮೇಲೆ ಆ ತಾಯಿ, "ಹಾಗಾದರೆ ನಾನು ಇಸಕೊಂಡದ್ದು ಸುಳ್ಳಾಯಿತೇ, ಸ್ವಾಮಿ?" ಎಂದು ಕೇಳಿದರು. ಸುಳ್ಳಾಗುವುದಿಲ್ಲ. ನ್ಯಾಯಾಲಯದ ಬಾಗಿಲು ಮುಚ್ಚಿದರೂ ಸಾಲ ಸಾಲವೇ, ಅದನ್ನು ತೀರಿಸುವುದು ನ್ಯಾಯವೇ. ಆದರೆ ಎಷ್ಟು, ಯಾವಾಗ, ಯಾವ ಷರತ್ತಿನ ಮೇಲೆ ಎಂಬುದನ್ನು ಹೆದರಿಕೆ ನಿರ್ಧರಿಸಬಾರದು. ಅವರು ಆ ಹಾಳೆಗೆ ಸಹಿ ಹಾಕಲಿಲ್ಲ. ಉಳಿದ ಅಸಲಿಗೆ ಖಾತೆ ಮುಗಿಸುತ್ತೇವೆಂದು ಸಂಸ್ಥೆಯೇ ಪತ್ರ ಕೊಡಲಿ ಎಂದು ಹೇಳಿ ಕಳುಹಿಸಿದರು. ಪತ್ರ ಬರಲು ಎರಡು ತಿಂಗಳು ಹಿಡಿಯಿತು. ಆಮೇಲೆ, ಏಜೆಂಟನ ಮೊಬೈಲಿಗಲ್ಲ, ಸಂಸ್ಥೆಯ ಖಾತೆಗೇ ಹಣ ಕಟ್ಟಿ, ರಸೀದಿಯನ್ನೂ ಬಾಕಿ ಇಲ್ಲವೆಂಬ ಪತ್ರವನ್ನೂ ಪಡೆದರು. ಅವೆರಡರ ಒಂದೊಂದು ಪ್ರತಿ ನಮ್ಮ ಕೇಂದ್ರದ ಕಡತದಲ್ಲಿದೆ.