ಎರಡು ಗಂಟೆಗೊಮ್ಮೆ: ಯುದ್ಧಕಾಲದ ನರ್ಸ್‌ಗಳ ಕೆಲಸ

ಎಲ್ಲರಿಗೂ ನಮಸ್ಕಾರ. ಮಂಗಳೂರಿಗೆ ಹೋಗಿ ನರ್ಸಿಂಗ್ ಕಲಿಯುತ್ತಿರುವ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಮಕ್ಕಳು ಇಲ್ಲಿದ್ದಾರೆ. ಆಶಾ ಕಾರ್ಯಕರ್ತೆಯರಿದ್ದಾರೆ. ಮಗಳನ್ನು ಗಲ್ಫ್‌ನ ಆಸ್ಪತ್ರೆಗೆ ಕಳುಹಿಸಿದ ಅಪ್ಪ ಅಮ್ಮಂದಿರೂ ಇದ್ದಾರೆ. ಇರಾಕಿನ ತಿಕ್ರಿತ್‌ನಲ್ಲಿ ಸಿಕ್ಕಿಬಿದ್ದಿದ್ದ 46 ನರ್ಸ್‌ಗಳು 2014ರ ಜುಲೈ 5ರಂದು ಕೊಚ್ಚಿಯಲ್ಲಿ ಬಂದಿಳಿದದ್ದನ್ನು ನೀವು ಟಿ.ವಿ.ಯಲ್ಲಿ ನೋಡಿದ್ದೀರಿ. ಯುದ್ಧ ನಮಗೆ ಅಷ್ಟೇನೂ ದೂರದ ಮಾತಲ್ಲ. ತ್ಯಾಗ, ಮಮತೆ ಮುಂತಾದ ಶಬ್ದಗಳನ್ನು ಸನ್ಮಾನ ಸಮಾರಂಭಗಳಿಗೆ ಬಿಟ್ಟು, ಈ ಹೆಂಗಸರು ಕೈಯಾರೆ ಮಾಡಿದ್ದೇನು, ಅದು ಎಲ್ಲಿ ಕೆಡುತ್ತಿತ್ತು ಎಂಬುದನ್ನು ಹೇಳುತ್ತೇನೆ. ನನ್ನ ಮಟ್ಟಿಗೆ ಈ ಚರಿತ್ರೆಯೆಲ್ಲ ಅಳತೆಯ ಚರಿತ್ರೆ.

ಕ್ರಿಮಿಯಾ ಯುದ್ಧದ ಕಾಲದಲ್ಲಿ ಫ್ಲಾರೆನ್ಸ್ ನೈಟಿಂಗೇಲ್ 38 ನರ್ಸ್‌ಗಳೊಂದಿಗೆ ತುರ್ಕಿಯ ಸ್ಕುಟಾರಿಯಲ್ಲಿದ್ದ ಬ್ರಿಟಿಷ್ ಸೇನಾ ಆಸ್ಪತ್ರೆಗೆ ಬಂದದ್ದು 1854ರ ನವೆಂಬರ್ 4ರಂದು. ದೀಪ ಹಿಡಿದ ಅವರ ಚಿತ್ರ ಶಾಲೆಯ ಪುಸ್ತಕದಲ್ಲಿದೆ. ಅವರು ಬಂದ ಮೇಲೂ ಆ ಚಳಿಗಾಲದಲ್ಲಿ ಸಾವು ಏರಿತೆಂಬುದು ಆ ಪುಸ್ತಕದಲ್ಲಿಲ್ಲ. ಆಸ್ಪತ್ರೆಯ ಅಡಿಯ ಚರಂಡಿಗಳು ಕಟ್ಟಿಕೊಂಡಿದ್ದವು, ಗಾಳಿಯಾಡುತ್ತಿರಲಿಲ್ಲ, ನೀರು ಕೊಳಕಾಗಿತ್ತು. 1855ರ ಮಾರ್ಚ್‌ನಲ್ಲಿ ಬಂದ ನೈರ್ಮಲ್ಯ ಆಯೋಗ ಚರಂಡಿ ತೊಳೆಸಿತು, ಸತ್ತ ಪ್ರಾಣಿಗಳನ್ನು ತೆಗೆಸಿತು, ಗಾಳಿಗೆ ದಾರಿ ಮಾಡಿಸಿತು. ಫೆಬ್ರವರಿಯಲ್ಲಿ ನೂರಕ್ಕೆ 42ರಷ್ಟಿದ್ದ ಸಾವು ಜೂನ್ ಹೊತ್ತಿಗೆ 2ರ ಆಸುಪಾಸಿಗೆ ಇಳಿಯಿತು. ಕೊರತೆಯಿದ್ದದ್ದು ಶುಶ್ರೂಷೆಯದಲ್ಲ, ಚರಂಡಿಯದು. ಗಾಯಕ್ಕಿಂತ ತಡೆಯಬಹುದಾದ ರೋಗಗಳಿಂದ ಸತ್ತವರೇ ಹೆಚ್ಚೆಂದು ನೈಟಿಂಗೇಲ್ 1858ರಲ್ಲಿ ಅಂಕಿಅಂಶಗಳ ಚಿತ್ರ ಬರೆದು ಸರಕಾರದ ಮುಂದಿಟ್ಟರು. ದೀಪಕ್ಕಿಂತ ಆ ಲೆಕ್ಕ ದೊಡ್ಡದು.

ನಮ್ಮ ದೇಶದಲ್ಲಿ ಸೇನಾ ನರ್ಸಿಂಗ್‌ನ ಮೊದಲ ಹತ್ತು ಮಂದಿ ಮುಂಬಯಿಯಲ್ಲಿ ಇಳಿದದ್ದು 1888ರ ಮಾರ್ಚ್ 28ರಂದು. 1976ರಲ್ಲಿ ಆ ಸೇವೆಯ ಜಿ. ಅಲಿ ರಾಮ್ ಭಾರತದ ಮೊದಲ ಮಹಿಳಾ ಮೇಜರ್ ಜನರಲ್ ಆದರು. ಅದರ ಕಥೆಗೇ ಬೇರೊಂದು ಸಂಜೆ ಬೇಕು.

ಮೊದಲ ಮಹಾಯುದ್ಧಕ್ಕೆ ಬರೋಣ. ಗೊಬ್ಬರ ಹಾಕಿದ ಹೊಲದ ಮಣ್ಣು, ಅದರಲ್ಲಿ ಕಂದಕ. ಶೆಲ್ಲಿನ ಚೂರು ಬಟ್ಟೆಯನ್ನೂ ಮಣ್ಣನ್ನೂ ಮಾಂಸದೊಳಕ್ಕೆ ಒಯ್ಯುತ್ತಿತ್ತು. ಪೆನಿಸಿಲಿನ್ ಇಲ್ಲದ ಕಾಲ. ಫ್ರಾನ್ಸಿನ ಕಾಂಪಿಯೆನ್‌ನಲ್ಲಿ ಶಸ್ತ್ರವೈದ್ಯ ಅಲೆಕ್ಸಿ ಕ್ಯಾರೆಲ್ ಮತ್ತು ರಸಾಯನಶಾಸ್ತ್ರಜ್ಞ ಹೆನ್ರಿ ಡಾಕಿನ್ ಗಾಯ ತೊಳೆಯುವ ಒಂದು ಕ್ರಮ ರೂಪಿಸಿದರು. ದ್ರಾವಣ ಸೋಡಿಯಂ ಹೈಪೋಕ್ಲೋರೈಟ್, ಅಂದರೆ ಕ್ಲೋರಿನ್ ಇರುವ ಬ್ಲೀಚ್ ನೀರೇ. ಶಕ್ತಿ ನೂರಕ್ಕೆ 0.45ಕ್ಕಿಂತ ಕಡಿಮೆಯಾದರೆ ರೋಗಾಣು ಸಾಯುವುದಿಲ್ಲ, 0.5 ದಾಟಿದರೆ ಮಾಂಸ ಉರಿಯುತ್ತದೆ. ಇಷ್ಟು ಸಣ್ಣ ಸಂದಿಯಲ್ಲಿ ಕೆಲಸ.

ಶಸ್ತ್ರವೈದ್ಯ ಸತ್ತ ಮಾಂಸವನ್ನೂ ಬಟ್ಟೆಯ ಚೂರನ್ನೂ ಕತ್ತರಿಸಿ ತೆಗೆದ ಮೇಲಷ್ಟೇ ಇದು ಶುರು. ಅದಾಗದೆ ಎಷ್ಟು ತೊಳೆದರೂ ವ್ಯರ್ಥ. ತುದಿ ಕಟ್ಟಿದ, ಪಕ್ಕದಲ್ಲಿ ಸಣ್ಣ ತೂತುಗಳಿದ್ದ ರಬ್ಬರ್ ಕೊಳವೆಗಳನ್ನು ಗಾಯದ ಮೂಲೆಮೂಲೆಗೆ ಇಳಿಸುತ್ತಿದ್ದರು. ಸುತ್ತಲ ಚರ್ಮಕ್ಕೆ ವ್ಯಾಸಲೀನ್ ಹಚ್ಚಿದ ಗಾಜ್ ಬಟ್ಟೆ. ಹಾಸಿಗೆಗಿಂತ ಮೇಲೆ ತೂಗಿದ ಗಾಜಿನ ಪಾತ್ರೆ, ಕೊಳವೆಗೊಂದು ಕ್ಲಿಪ್. ಎರಡು ಗಂಟೆಗೊಮ್ಮೆ, ಹಗಲೂ ರಾತ್ರಿ, ನರ್ಸ್ ಕ್ಲಿಪ್ ಸಡಿಲಿಸಿ ಗಾಯ ತುಂಬುವಷ್ಟೇ ಬಿಡಬೇಕು. ಹೆಚ್ಚು ಬಿಟ್ಟರೆ ಹಾಸಿಗೆ ಒದ್ದೆ, ಬೆನ್ನಿನ ಚರ್ಮ ಹೋಯಿತು. ಒಂದು ಸಲ ತಪ್ಪಿಸಿದರೆ ರೋಗಾಣುವಿಗೆ ಅವಕಾಶ, ಏಕೆಂದರೆ ಕೀವು ತಾಗಿದ ಕ್ಲೋರಿನ್ ಬೇಗ ಸತ್ತ್ವ ಕಳೆದುಕೊಳ್ಳುತ್ತದೆ. ದ್ರಾವಣವನ್ನು ಬಿಸಿ ಮಾಡುವಂತಿಲ್ಲ, ಬೆಳಕಿಗಿಡುವಂತಿಲ್ಲ. ಅದು ಹೆಪ್ಪುಗಟ್ಟಿದ ರಕ್ತವನ್ನೂ ಕ್ಯಾಟ್‌ಗಟ್ (ಪ್ರಾಣಿಯ ಕರುಳಿನ ದಾರ) ಹೊಲಿಗೆಯನ್ನೂ ಕರಗಿಸುವುದರಿಂದ ದಿನಗಳ ನಂತರ ರಕ್ತನಾಳ ಬಿಟ್ಟುಕೊಳ್ಳುವ ಭಯ ಬೇರೆ; ರಾತ್ರಿಪಾಳಿಯ ನರ್ಸ್ ಬ್ಯಾಂಡೇಜಿನ ಮೇಲೆ ಕೆಂಪು ಕಂಡದ್ದೇ ಡಾಕ್ಟರನ್ನು ಎಬ್ಬಿಸಬೇಕಿತ್ತು. ಗಾಯದ ಸ್ರಾವವನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ರೋಗಾಣು ಎಣಿಸಿ ಚಾರ್ಟಿನಲ್ಲಿ ಬರೆಯುತ್ತಿದ್ದರು. ಎಣಿಕೆ ಸೊನ್ನೆಯ ಹತ್ತಿರ ಬಂದು ನಿಂತ ಮೇಲೆಯೇ ಹೊಲಿಗೆ. ಕ್ರಮ ರೂಪಿಸಿದ ಇಬ್ಬರ ಹೆಸರು ಉಳಿಯಿತು, ಕ್ಲಿಪ್ ಹಿಡಿದವರದ್ದು ಉಳಿಯಲಿಲ್ಲ.

1971ರ ಬಾಂಗ್ಲಾ ಯುದ್ಧದ ಕಾಲಕ್ಕೆ ಬರುತ್ತೇನೆ. ಪೂರ್ವ ಪಾಕಿಸ್ತಾನದಿಂದ ಜನ ಪ್ರವಾಹದಂತೆ ಬಂದರು. ಪಶ್ಚಿಮ ಬಂಗಾಳದ ಗಡಿಯ ಬಂಗಾವ್ ಆಸ್ಪತ್ರೆಯಲ್ಲಿ ಕಾಲರಾ ರೋಗಿಗಳು ನೆಲದ ಮೇಲೆಯೇ ಮಲಗಿದ್ದರು. ರಕ್ತನಾಳಕ್ಕೆ ಕೊಡುವ ಸಲೈನ್ ಮುಗಿಯುತ್ತ ಬಂತು, ಸೂಜಿ ಚುಚ್ಚಬಲ್ಲವರೂ ಕಡಿಮೆ. ಡಾ. ದಿಲೀಪ್ ಮಹಲನಬಿಸ್ ಕುಡಿಯುವ ದ್ರಾವಣಕ್ಕೆ ತಿರುಗಿದರು: ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡಾ. ಕಲಕತ್ತದಲ್ಲಿ ತೂಗಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಇಸ್ತ್ರಿಪೆಟ್ಟಿಗೆಯಿಂದ ಬಾಯಿ ಅಂಟಿಸಿ ಕಳುಹಿಸುತ್ತಿದ್ದರು. ಬಂಗಾವ್‌ನಲ್ಲಿ ನಲ್ಲಿಯಿದ್ದ ಡ್ರಮ್ಮಿನಲ್ಲಿ ಕಲಸಿಡುವುದು, ತಾಯಿಯೋ ಅಕ್ಕನೋ ಗಂಡನೋ ಜೊತೆಗಿದ್ದವರು ಲೋಟದಲ್ಲಿ ಹಿಡಿದು ಕುಡಿಸುವುದು. ನೂರಕ್ಕೆ 30ರವರೆಗೂ ಇದ್ದ ಸಾವು 3.6ಕ್ಕೆ ಬಂತು. ಅಳತೆಯನ್ನು ಬಲ್ಲವರು ಮೊದಲೇ ಮುಗಿಸಿಟ್ಟಿದ್ದರು. ಹಾಗಾಗಿ ಅಕ್ಷರ ಬಾರದ ಕೈಗೂ ಕೆಲಸ ಒಪ್ಪಿಸಲು ಸಾಧ್ಯವಾಯಿತು.

ಕೆಡುವುದು ಇಲ್ಲಿಯೇ. ಉಪ್ಪು ಹೆಚ್ಚಾದರೆ ಮಗುವಿಗೆ ಫಿಟ್ಸ್ ಬರಬಹುದು; ಸಕ್ಕರೆ ಹೆಚ್ಚಾದರೆ ಕರುಳು ನೀರನ್ನು ಒಳಕ್ಕೆಳೆದು ಭೇದಿ ಜಾಸ್ತಿ. ಓಆರ್‌ಎಸ್ ಪ್ಯಾಕೆಟ್ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಟೀ ಚಮಚ, ತಲೆತಟ್ಟಿದ ಅಳತೆ. ನಾಲಿಗೆಗೆ ಕಣ್ಣೀರಿಗಿಂತ ಉಪ್ಪೆನಿಸಿದರೆ ಚೆಲ್ಲಿ. 24 ಗಂಟೆ ಕಳೆದರೂ ಚೆಲ್ಲಿ. ಮಗು ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು, ಎರಡು ಮೂರು ನಿಮಿಷಕ್ಕೊಂದು ಚಮಚದಂತೆ ಮತ್ತೆ ಶುರುಮಾಡಿ. ನಮ್ಮ ಮನೆಗಳ ಗಂಜಿತಿಳಿಗೆ ಉಪ್ಪು ಹಾಕಿ ಕೊಟ್ಟರೂ ಭೇದಿಯ ಆರಂಭಕ್ಕೆ ಒಳ್ಳೆಯದು. ಮಂಪರು ಕವಿದು ನುಂಗಲಾರದವರಿಗೆ ಮಾತ್ರ ಬಾಯಿಗೆ ಹಾಕಬಾರದು. ಅವರಿಗೆ ಸೂಜಿಯ ಸಲೈನೇ ಆಗಬೇಕು, ತಡಮಾಡದೆ.

ಕೊನೆಗೆ ಕುಡಿಯುವ ನೀರು. ಮೊದಲ ಮಹಾಯುದ್ಧದ ಸೈನ್ಯಕ್ಕಾಗಿ ಬ್ರಿಟಿಷ್ ಸೇನಾ ವೈದ್ಯ ವಿಲಿಯಂ ಹಾರಾಕ್ಸ್ ಮಾಡಿದ, ನೀರಿಗೆ ಎಷ್ಟು ಬ್ಲೀಚಿಂಗ್ ಪುಡಿ ಬೇಕೆಂದು ತಿಳಿಸುವ ಪೆಟ್ಟಿಗೆಯ ಕ್ರಮ ನಮ್ಮ ಬಾವಿಗೂ ನಡೆಯುತ್ತದೆ. ಕಪ್ಪು ಬಟ್ಟಲಲ್ಲಿ ಪೆಟ್ಟಿಗೆಯದೇ ಒಂದು ಚಮಚ, ಅಂದರೆ 2 ಗ್ರಾಂ, ಬ್ಲೀಚಿಂಗ್ ಪುಡಿ ಕಲಸಿ ಗುರುತಿನವರೆಗೆ ನೀರು ತುಂಬಿ. ಆರು ಬಿಳಿ ಬಟ್ಟಲಲ್ಲಿ ಬಾವಿ ನೀರು. ಕಪ್ಪು ಬಟ್ಟಲ ತಿಳಿಯನ್ನು ಮೊದಲನೆಯದಕ್ಕೆ ಒಂದು ಹನಿ, ಎರಡನೆಯದಕ್ಕೆ ಎರಡು, ಹೀಗೆ ಆರರವರೆಗೆ. ಅರ್ಧ ಗಂಟೆ ಬಿಟ್ಟು ಎಲ್ಲಕ್ಕೂ, ಕ್ಲೋರಿನ್ ಉಳಿದಿದ್ದರೆ ನೀಲಿಯಾಗುವ ಪಿಷ್ಟ–ಅಯೋಡೈಡ್ ದ್ರಾವಣ ಮೂರು ಹನಿ. ಮೂರನೆಯ ಬಟ್ಟಲಲ್ಲಿ ಮೊದಲು ನೀಲಿ ಕಂಡರೆ 455 ಲೀಟರಿಗೆ ಮೂರು ಚಮಚ, 6 ಗ್ರಾಂ.

ಪೆಟ್ಟಿಗೆ ಇಲ್ಲದಿದ್ದಲ್ಲಿ 1,000 ಲೀಟರಿಗೆ 2.5 ಗ್ರಾಂ ಎಂದು ಅಂದಾಜು. ಮೂರು ಮೀಟರ್ ಅಗಲದ ಬಾವಿಯಲ್ಲಿ ನಾಲ್ಕು ಮೀಟರ್ ನೀರಿದ್ದರೆ ಸುಮಾರು 28,000 ಲೀಟರ್. ಪುಡಿ 70 ಗ್ರಾಂ. ಅದನ್ನು ಬಕೆಟ್ಟಿನಲ್ಲಿ ಪೇಸ್ಟ್ ಮಾಡಿ, ಮುಕ್ಕಾಲು ನೀರು ತುಂಬಿ ಕಲಕಿ, ಐದು ಹತ್ತು ನಿಮಿಷ ತಂಗಲು ಬಿಡಿ. ತಿಳಿಯನ್ನು ಇನ್ನೊಂದು ಬಕೆಟ್ಟಿಗೆ ಬಸಿದು ಬಾವಿಗಿಳಿಸಿ, ಮೇಲೆ ಕೆಳಗೆ ಆಡಿಸಿ. ಅಡಿಯ ಸುಣ್ಣ ಬಾವಿಗೆ ಬೀಳಬಾರದು, ನೀರು ಗಡುಸಾಗುತ್ತದೆ. ಒಂದು ಗಂಟೆ ಯಾರೂ ಸೇದಬಾರದು.

ಮುರಕಲ್ಲು ಕೊರೆದ ಸುರಂಗದ ನೀರು ಕುಡಿಯುವ ಮನೆಗಳಲ್ಲಿ ಈ ಲೆಕ್ಕ ಹರಿಯುವ ನೀರಿಗೆ ಹತ್ತುವುದಿಲ್ಲ. ಒಳಬರುವ ನೀರನ್ನು ತಡೆದು, ಟಾಂಕಿಯಲ್ಲಿ ನಿಂತ ನೀರಿನ ಲೀಟರ್ ಎಣಿಸಿಯೇ ಹಾಕಬೇಕು. ಬಾಯಿ ತೆರೆದಿಟ್ಟ ಪುಡಿ ನಮ್ಮ ಮಳೆಗಾಲದ ತೇವಕ್ಕೆ ಬಲು ಬೇಗ ಕ್ಲೋರಿನ್ ಕಳೆದುಕೊಳ್ಳುತ್ತದೆ. ವಾಸನೆಯಿಲ್ಲದ, ಗಂಟುಕಟ್ಟಿದ ಪುಡಿಯನ್ನು ಎಷ್ಟು ಸರಿಯಾಗಿ ತೂಗಿ ಹಾಕಿದರೂ ಬಾವಿಗೆ ಸೇರುವುದು ಬರೀ ಸುಣ್ಣ.